ಇಂದಿನ ಧಮ್ಮ ಚಿಂತನೆ: ಗಾಡಿಯ ದೋಷವೋ, ಹಣೆಬರಹವೋ?





ಹೊಸಕೋಟೆಯಿಂದ ಬೇತಮಂಗಲದವರೆಗೆ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ನಮ್ಮ ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಕಡೆಯವರು ಬೆಂಗಳೂರಿಗೆ ಕಾರಿನಲ್ಲಿ ಹೋಗಿಬರುವುದು ಹೆಚ್ಚಾಗಿದೆ. ಅಪಘಾತದ ಸುದ್ದಿಗಳೂ ಬರುತ್ತಿವೆ. ಸುದ್ದಿ ಬಂದ ಅರ್ಧ ಗಂಟೆಯೊಳಗೆ ನಮ್ಮ ಫೋನುಗಳಲ್ಲಿ ಮೂರು ತೀರ್ಪುಗಳು ಓಡಾಡಲು ಶುರುವಾಗುತ್ತವೆ. "ಬ್ರೇಕ್ ಫೇಲ್ ಆಗಿತ್ತಂತೆ." "ಡ್ರೈವರ್ ಕುಡಿದಿದ್ದನಂತೆ." "ಏನು ಮಾಡೋದು, ಅವರವರ ಕರ್ಮ."

ಮೊದಲನೆಯ ಮಾತು ಯಂತ್ರದ ಮೇಲೆ ಹೊರಿಸುತ್ತದೆ, ಎರಡನೆಯದು ಮನುಷ್ಯನ ಮೇಲೆ, ಮೂರನೆಯದು ಸತ್ತವರ ಮೇಲೆಯೇ. ಮಗನನ್ನು ಕಳೆದುಕೊಂಡ ತಾಯಿಯ ಎದುರು ನಿಂತು ಇವುಗಳಲ್ಲಿ ಯಾವುದನ್ನು ಹೇಳಬಹುದು? ಬುದ್ಧರು ಏನು ಹೇಳುತ್ತಿದ್ದರು? ಇಂದಿನ ಪಾಠ ಇದು.

*1. ಹದಿನೈದು ದಿನ, ಎರಡು ಬಸ್ಸು*

2013ರ ಅಕ್ಟೋಬರ್ 30. ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ವೋಲ್ವೋ ಬಸ್ಸು ಬೆಳಗಿನ ಜಾವ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮುಂದಿನ ಗಾಡಿಯನ್ನು ಹಿಂದಿಕ್ಕುವಾಗ ಮೋರಿಯ ಕಟ್ಟೆಗೆ ತಾಗಿತು. ಡೀಸೆಲ್ ಟ್ಯಾಂಕ್ ಒಡೆಯಿತು, ಬೆಂಕಿ ಹತ್ತಿತು. ನಿದ್ದೆಯಲ್ಲಿದ್ದ ಪ್ರಯಾಣಿಕರಿಗೆ ಹೊರಬರುವ ದಾರಿ ಸಿಗಲಿಲ್ಲ. 45 ಜನ ಸತ್ತರು. ದೀಪಾವಳಿಗೆ ಊರಿಗೆ ಹೊರಟಿದ್ದವರು ಅವರಲ್ಲಿ ಅನೇಕರು.

ಹದಿನೈದು ದಿನ ಕಳೆಯಿತು. ನವೆಂಬರ್ 14ರ ರಾತ್ರಿಯ ಕತ್ತಲಿನಲ್ಲೇ, ಬೆಂಗಳೂರಿನಿಂದ ಮುಂಬೈಗೆ ಹೋಗುತ್ತಿದ್ದ ಇನ್ನೊಂದು ವೋಲ್ವೋ ಬಸ್ಸು ಹಾವೇರಿ ಜಿಲ್ಲೆಯಲ್ಲಿ ಅದೇ ರೀತಿ ಹೊತ್ತಿ ಉರಿಯಿತು. 7 ಜನ ಸತ್ತರು.

ಮೊದಲ ಬಸ್ಸು ಸುಟ್ಟಾಗ ಎಲ್ಲರ ಬೆರಳೂ ಚಾಲಕನ ಕಡೆಗಿತ್ತು. ಎರಡನೆಯದೂ ಸುಟ್ಟಾಗ ಪ್ರಶ್ನೆಗಳು ಹೆಚ್ಚಾದವು. ಕಟ್ಟೆಗೆ ತಾಗಿದ ಮಾತ್ರಕ್ಕೆ ಇಡೀ ಬಸ್ಸು ಯಾಕೆ ಉರಿಯಬೇಕು? ಟ್ಯಾಂಕ್ ಎಲ್ಲಿದೆ, ಅದಕ್ಕೆ ರಕ್ಷಣೆ ಎಷ್ಟಿದೆ? ಒಳಗಿನ ಸೀಟು, ಪರದೆ ಯಾವ ವಸ್ತುವಿನವು? ತುರ್ತು ಬಾಗಿಲು ಎಷ್ಟು, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ? ಹೆದ್ದಾರಿಯ ಮೋರಿ ಕಟ್ಟೆ ಗಾಡಿಗೆ ತಾಗುವಷ್ಟು ಹತ್ತಿರ ಯಾಕಿತ್ತು?

ಗಮನಿಸಿ. ವೇಗ, ಹಿಂದಿಕ್ಕುವ ಆತುರ, ಕಟ್ಟೆ, ಟ್ಯಾಂಕ್, ಉರಿಯುವ ಪರದೆ, ತೆರೆಯದ ದಾರಿ, ನಿದ್ದೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಸತ್ತವರಲ್ಲಿ ಎಷ್ಟೋ ಜನ ಉಳಿಯುತ್ತಿದ್ದರು. ಪಟಿಚ್ಚ ಸಮುಪ್ಪಾದ ಎಂದು ನಾವು ಬಾಯಿಪಾಠ ಮಾಡುತ್ತೇವಲ್ಲ, ಅದು ಇದೇ. ಒಂದು ಫಲಕ್ಕೆ ಒಂದೇ ಕಾರಣ ಇರುವುದಿಲ್ಲ. ಹಲವು ಷರತ್ತುಗಳು ಕೂಡಿದಾಗ ಫಲ ಹುಟ್ಟುತ್ತದೆ, ಒಂದು ಷರತ್ತು ಕಳಚಿದರೂ ಫಲ ಬದಲಾಗುತ್ತದೆ.

ಕನ್ನಡ ಪಾಠ ಮಾಡುವವಳಾಗಿ ಒಂದು ಮಾತು. ಅಪಘಾತದ ಬಗ್ಗೆ ನಾವು ಎರಡೇ ಕ್ರಿಯಾಪದ ಬಳಸುತ್ತೇವೆ. "ಆಕ್ಸಿಡೆಂಟ್ ಆಯ್ತು" ಅನ್ನುತ್ತೇವೆ, ಇಲ್ಲವೇ "ಆಕ್ಸಿಡೆಂಟ್ ಮಾಡಿದ" ಅನ್ನುತ್ತೇವೆ. "ಆಯ್ತು" ಅಂದರೆ ಯಾರೂ ಹೊಣೆಯಲ್ಲ. "ಮಾಡಿದ" ಅಂದರೆ ಒಬ್ಬನೇ ಹೊಣೆ. ಸತ್ಯ ಹೆಚ್ಚಾಗಿ ಇವೆರಡರ ನಡುವೆ ಇರುತ್ತದೆ.

*2. "ಎಲ್ಲಾ ಕರ್ಮ" ಎಂಬ ಮಾತಿಗೆ ಬುದ್ಧರ ಉತ್ತರ*

ಸಂಯುತ್ತ ನಿಕಾಯದಲ್ಲಿ ಸೀವಕ ಸುತ್ತ ಇದೆ. ರಾಜಗೃಹದ ವೇಣುವನದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧರನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖ, ದುಃಖ ಎಲ್ಲವೂ ಹಿಂದೆ ಮಾಡಿದ ಕರ್ಮದಿಂದಲೇ ಬರುತ್ತವೆ ಎಂದು ಕೆಲವರು ಹೇಳುತ್ತಾರೆ, ನೀವು ಏನು ಹೇಳುತ್ತೀರಿ?

ಬುದ್ಧರು ಎಂಟು ಮೂಲಗಳನ್ನು ಎಣಿಸುತ್ತಾರೆ. ಪಿತ್ತ, ಕಫ, ವಾತ, ಈ ಮೂರರ ಕೂಡಿಕೆ, ಋತುವಿನ ಬದಲಾವಣೆ, ಎಚ್ಚರ ತಪ್ಪಿದ ನಡವಳಿಕೆ, ಹೊರಗಿನಿಂದ ಬೀಳುವ ಪೆಟ್ಟು, ಎಂಟನೆಯದಾಗಿ ಕರ್ಮದ ಫಲ. ಎಲ್ಲವೂ ಹಿಂದಿನ ಕರ್ಮ ಎನ್ನುವವರು ತಾವೇ ಕಣ್ಣಾರೆ ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ, ಅವರ ಮಾತು ತಪ್ಪು ಎಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ.

ಬಂಧುಗಳೇ, ಇದು ಸಣ್ಣ ವಿಷಯವಲ್ಲ. ನಮ್ಮ ಅಜ್ಜ ಅಜ್ಜಿಯರಿಗೆ "ನಿಮ್ಮ ಬಡತನ ನಿಮ್ಮ ಕರ್ಮ" ಎಂದು ಹೇಳಿದವರು ಇದ್ದರು. ಆ ಮಾತನ್ನು ಒಪ್ಪದೆ ಕೇಳುವ ಧೈರ್ಯ ಮಾಡಿದವರಿಂದಲೇ ನಮ್ಮ ಗಣಿ ಊರಿಗೆ ಬೌದ್ಧ ಧರ್ಮ ಬಂತು. ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ನೂರು ವರ್ಷಕ್ಕೂ ಹಿಂದೆ ನಡೆಯುತ್ತಿತ್ತು. ಅವರ ಹಾದಿಯಲ್ಲಿ ಬಂದ ನಾವು ಸತ್ತ ಮಗುವಿನ ಮನೆಯಲ್ಲಿ ಕುಳಿತು "ಅದರ ಕರ್ಮ" ಅನ್ನಬಾರದು. ಅದು ಸಮಾಧಾನವೂ ಅಲ್ಲ, ಧಮ್ಮವೂ ಅಲ್ಲ.

ಬುದ್ಧರು ಕರ್ಮವೆಂದರೆ ಚೇತನ, ಅಂದರೆ ಸಂಕಲ್ಪ ಎಂದರು. ನಿಜವಾಗಿ ಬ್ರೇಕ್ ಕೈಕೊಟ್ಟು ಒಬ್ಬ ಚಾಲಕನಿಂದ ಪ್ರಾಣ ಹೋಗಿದ್ದರೆ ಅವನಲ್ಲಿ ಕೊಲ್ಲುವ ಸಂಕಲ್ಪ ಇರಲಿಲ್ಲ. ಅವನೂ ನೊಂದವನೇ. ಆದರೆ ಬ್ರೇಕ್ ಸಡಿಲವಾಗಿದೆ ಎಂದು ನಾಲ್ಕು ದಿನದಿಂದ ಗೊತ್ತಿದ್ದೂ "ಈ ಟ್ರಿಪ್ ಮುಗಿಯಲಿ" ಎಂದು ಓಡಿಸಿದ್ದರೆ? ರಿಪೇರಿಗೆ ದುಡ್ಡು ಕೊಡದೆ ಮಾಲೀಕ ಕಳಿಸಿದ್ದರೆ? ಅಲ್ಲಿ ಪ್ರಮಾದವಿದೆ. ಬುದ್ಧರ ಕೊನೆಯ ಉಪದೇಶವೇ ಅಪ್ರಮಾದದ ಬಗ್ಗೆ ಎಂಬುದನ್ನು ನೆನೆಯಿರಿ.

*3. ರಥಕಾರನ ಎರಡು ಚಕ್ರ*

ವಾಹನದ ದೋಷದ ಬಗ್ಗೆಯೇ ಬುದ್ಧರು ಒಂದು ಕಥೆ ಹೇಳಿದ್ದಾರೆ. ಅಂಗುತ್ತರ ನಿಕಾಯದ ಪಚೇತನ ಸುತ್ತ. ಹೇಳಿದ ಜಾಗ ವಾರಾಣಸಿಯ ಇಸಿಪತನ.

ಪಚೇತನ ಎಂಬ ರಾಜ ತನ್ನ ರಥಕಾರನನ್ನು ಕರೆದು, ಆರು ತಿಂಗಳಿಗೆ ಯುದ್ಧವಿದೆ, ಹೊಸ ಜೋಡಿ ಚಕ್ರ ಮಾಡಿಕೊಡು ಎಂದ. ಆರು ತಿಂಗಳಿಗೆ ಆರು ದಿನ ಬಾಕಿ ಇರುವಾಗ ಒಂದೇ ಚಕ್ರ ಮುಗಿದಿತ್ತು. ರಾಜ ಅವಸರ ಮಾಡಿದ. ರಥಕಾರ ಎರಡನೆಯದನ್ನು ಉಳಿದ ಆರೇ ದಿನದಲ್ಲಿ ಮಾಡಿ ತಂದ. ನೋಡಲು ಎರಡೂ ಒಂದೇ ಥರ. ರಾಜನಿಗೆ ವ್ಯತ್ಯಾಸವೇ ಕಾಣಲಿಲ್ಲ.

ರಥಕಾರ ಆರು ದಿನದ ಚಕ್ರವನ್ನು ಉರುಳಿಸಿದ. ತಳ್ಳಿದ ಬಲ ಇರುವಷ್ಟು ದೂರ ಹೋಗಿ, ತೂರಾಡಿ, ನೆಲಕ್ಕೆ ಬಿತ್ತು. ಇನ್ನೊಂದನ್ನು ಉರುಳಿಸಿದ. ಅದೂ ಬಲ ಇರುವಷ್ಟು ದೂರ ಹೋಗಿ, ಅಚ್ಚಿನಲ್ಲಿ ಕೂರಿಸಿದ ಹಾಗೆ ನೆಟ್ಟಗೆ ನಿಂತಿತು. ಕಾರಣ? ಬಿದ್ದ ಚಕ್ರದ ಪಟ್ಟೆ, ಅರೆಕಾಲು, ಗುಂಬ ಮೂರರಲ್ಲೂ ಡೊಂಕು, ದೋಷ ಉಳಿದಿತ್ತು. ಆ ರಥಕಾರ ಆಗ ನಾನೇ ಆಗಿದ್ದೆ ಎನ್ನುತ್ತಾರೆ ಬುದ್ಧರು. ಆಗ ಮರದ ಡೊಂಕನ್ನು ಬಲ್ಲವನಾಗಿದ್ದೆ, ಈಗ ಕಾಯ, ವಾಚ, ಮನಸ್ಸಿನ ಡೊಂಕನ್ನು ಬಲ್ಲೆ ಎಂಬುದು ಕಥೆಯ ಸಾರ.

ಇಲ್ಲಿ ಮೂರು ವಿಷಯ ಹಿಡಿದುಕೊಳ್ಳಿ. ಒಂದು, ದೋಷ ಹೊರಗೆ ಕಾಣುವುದಿಲ್ಲ, ಓಡಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಎರಡು, ಡೊಂಕು ಹುಟ್ಟಿದ್ದು ಮರದಿಂದ ಅಲ್ಲ, ಅವಸರದಿಂದ. ಮೂರು, ರಥಕಾರ ಆ ಚಕ್ರವನ್ನು ಯುದ್ಧಕ್ಕೆ ಕಳಿಸುವ ಮುಂಚೆ ರಾಜನ ಕಣ್ಣೆದುರೇ ಬೀಳಿಸಿ ತೋರಿಸಿದ. ತನ್ನ ಕೈಕೆಲಸದ ದೋಷವನ್ನು ಮುಚ್ಚಿಡಲಿಲ್ಲ.

*4. ತಲುಪದೆ ಹೋದ ಒಂದು ಮಾತು*

ಮುಚ್ಚಿಟ್ಟರೆ ಏನಾಗುತ್ತದೆ? 2009ರ ಆಗಸ್ಟ್ 28ರಂದು ಅಮೆರಿಕದ ಸ್ಯಾನ್ ಡಿಯೆಗೋ ಬಳಿ ಒಂದು ಲೆಕ್ಸಸ್ ಕಾರು ವೇಗ ಇಳಿಯದೆ ಓಡಿ ಅಪಘಾತಕ್ಕೀಡಾಗಿ ಒಂದೇ ಕುಟುಂಬದ ನಾಲ್ವರು ಸತ್ತರು. ಓಡಿಸುತ್ತಿದ್ದವರು ಅನುಭವವಿದ್ದ ಹೆದ್ದಾರಿ ಪೊಲೀಸ್ ಅಧಿಕಾರಿ. ಆ ಕಾರು ಅವರದಲ್ಲ. ಅವರ ಕಾರು ಸರ್ವಿಸ್‌ಗೆ ಹೋಗಿದ್ದರಿಂದ ಡೀಲರ್ ತಾತ್ಕಾಲಿಕವಾಗಿ ಕೊಟ್ಟಿದ್ದು. ಅದರಲ್ಲಿ ಬೇರೆ ಮಾಡೆಲ್‌ನ ಮ್ಯಾಟ್ ಹಾಕಿದ್ದರು, ಆಕ್ಸಿಲರೇಟರ್ ಅದಕ್ಕೆ ಸಿಕ್ಕಿಕೊಂಡಿತ್ತು. ಅದಕ್ಕಿಂತ ಕೆಲವೇ ದಿನ ಮುಂಚೆ ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬ ಗ್ರಾಹಕನಿಗೂ ಹೀಗೇ ಆಗಿತ್ತು. ಕಾರು ಹಿಂತಿರುಗಿಸುವಾಗ ಅವನು ಹೇಳಿಯೂ ಹೇಳಿದ್ದ. ಆ ಮಾತು ಸರಿಪಡಿಸಬೇಕಾದ ಕೈಗೆ ತಲುಪಲಿಲ್ಲ.

ಆಮೇಲೆ ಟೊಯೋಟಾ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿತು. ಎಲೆಕ್ಟ್ರಾನಿಕ್ ದೋಷವೇ ಎಂದು ನಾಸಾ ಎಂಜಿನಿಯರುಗಳೂ ಪರೀಕ್ಷಿಸಿದರು. 2011ರ ಅವರ ವರದಿಯಲ್ಲಿ ಅಂಥ ದೋಷ ಸಿಗಲಿಲ್ಲ. ಹಲವು ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರೆಂದು ಅಧಿಕಾರಿಗಳು ತೀರ್ಮಾನಿಸಿದರು. ಆದರೆ ಸುರಕ್ಷತೆಯ ಬಗ್ಗೆ ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕಾಗಿ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ಕಟ್ಟಿತು. ಯಂತ್ರದ್ದೂ ಉಂಟು, ಮನುಷ್ಯನದ್ದೂ ಉಂಟು, ಮಾತಿನದ್ದೂ ಉಂಟು. ನಮ್ಮ ದೇಶದಲ್ಲೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ ದೋಷವಿರುವ ವಾಹನಗಳನ್ನು ವಾಪಸ್ ಕರೆಸಲು ಸರ್ಕಾರ ಆದೇಶಿಸಬಹುದು. ಅದು ನಡೆಯಬೇಕಾದರೆ ದೋಷ ಕಂಡವರು ದೂರು ಕೊಡಬೇಕು.

*5. ನಮ್ಮ ಗಣಿಯವರ ಪಾಠ*

ಈ ಪಾಠಕ್ಕೆ ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಚಾಂಪಿಯನ್ ರೀಫ್‌ನಲ್ಲಿ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಶಿಫ್ಟಿಗೆ ಇಳಿಯುವವರ ಪ್ರಾಣ ಕೇಜಿನ ಹಗ್ಗದ ಮೇಲೆ ನೇತಾಡುತ್ತಿತ್ತು. ಆದ್ದರಿಂದ ಗಣಿ ನಿಯಮದಲ್ಲಿ ಹಗ್ಗ, ಕೇಜುಗಳನ್ನು ದಿನದಿನವೂ ನೋಡಬೇಕು, ಕೆಲಸ ನಿಂತಿದ್ದರೆ ಮೊದಲು ಖಾಲಿ ಕೇಜನ್ನು ಇಳಿಸಿ ಹತ್ತಿಸಿ ನೋಡಿದ ಮೇಲೆಯೇ ಜನರನ್ನು ಇಳಿಸಬೇಕು. ನಿನ್ನೆ ಸರಿಯಾಗಿತ್ತು ಎಂಬುದು ಇವತ್ತಿಗೆ ಉತ್ತರವಲ್ಲ. ಅನಿತ್ಯವನ್ನು ಅರಿತವರ ಪದ್ಧತಿ ಇದು. 2001ರಲ್ಲಿ ಗಣಿ ಮುಚ್ಚಿತು, ಆ ಎಚ್ಚರ ನಮ್ಮ ಮನೆಗಳಲ್ಲಿ ಮುಚ್ಚಿಹೋಗಬಾರದು.

*ಇಂದಿನ ಅಭ್ಯಾಸ*

1. ಗಾಡಿ ಹೊರಡುವ ಮುನ್ನ ಒಂದು ನಿಮಿಷ: ಟೈರ್ ನೋಡಿ, ಬ್ರೇಕ್ ಒತ್ತಿ ನೋಡಿ, ಚಾಲಕನ ಕಾಲಬುಡದಲ್ಲಿ ನೀರಿನ ಬಾಟಲಿ, ಸಡಿಲ ಮ್ಯಾಟ್ ಇದ್ದರೆ ತೆಗೆಯಿರಿ. ಇದನ್ನು ಸ್ಮೃತಿಯ ಅಭ್ಯಾಸವೆಂದೇ ಮಾಡಿ.

2. ಉದ್ದ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಕೊಂಡು ಹೋದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಇಳಿಯಿರಿ. ಆಕ್ಸಿಲರೇಟರ್ ಸಿಕ್ಕಿಕೊಂಡರೆ ನ್ಯೂಟ್ರಲ್‌ಗೆ ಹಾಕಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ.

3. ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ದುಬಾರಿ ಕಾರಿನ ಹಿಂದಿನ ಸೀಟಿನಲ್ಲೇ ತೀರಿಕೊಂಡರು, ಬೆಲ್ಟ್ ಹಾಕಿರಲಿಲ್ಲ.

4. ಗಾಡಿಯಲ್ಲಿ ದೋಷ ಕಂಡರೆ ಮಾಲೀಕನಿಗೆ, ಮೆಕ್ಯಾನಿಕ್‌ಗೆ, ಮುಂದೆ ಓಡಿಸುವವನಿಗೆ ಹೇಳಿ. ಒಂದು ಸಲ ಹೇಳಿ ಸುಮ್ಮನಾಗಬೇಡಿ. ಬಾಡಿಗೆ ಗಾಡಿಯ ಚಾಲಕ "ಬ್ರೇಕ್ ಸರಿಯಿಲ್ಲ ಅಣ್ಣ" ಅಂದರೆ ಅವನ ದಿನದ ಕೂಲಿ ಕಡಿಯದೆ ರಿಪೇರಿಗೆ ಬಿಡಿ.

5. ಅಪಘಾತದ ನಂತರ ಮೋಟಾರು ವಾಹನ ನಿರೀಕ್ಷಕರು ಗಾಡಿಯನ್ನು ಪರೀಕ್ಷಿಸಿ ಯಾಂತ್ರಿಕ ದೋಷ ಇತ್ತೇ ಎಂದು ವರದಿ ಕೊಡುತ್ತಾರೆ. ಅದು ಬರುವವರೆಗೆ "ಕುಡಿದಿದ್ದನಂತೆ" ಎಂಬ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಸತ್ತ ಚಾಲಕ ಎದ್ದು ಬಂದು ಉತ್ತರ ಕೊಡಲಾರ. ಅವನ ಮಕ್ಕಳು ನಮ್ಮ ಶಾಲೆಗಳಿಗೇ ಬರುತ್ತಾರೆ. ಸಮ್ಯಕ್ ವಾಚ ಅಲ್ಲಿಂದ ಶುರು.

6. ಸಾವಿನ ಮನೆಗೆ ಹೋದಾಗ ಕಾರಣ ಹೇಳಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ, ನೀರು ಕೊಡಿ, ಓಡಾಟದ ಕೆಲಸ ಇದ್ದರೆ ಮಾಡಿ.

*ಭಾನುವಾರದ ಚರ್ಚೆಗೆ:* ನಿಮ್ಮ ಕೆಲಸದಲ್ಲಿ ನೀವು ಆರು ದಿನದಲ್ಲಿ ಮುಗಿಸಿದ ಚಕ್ರ ಯಾವುದು? ಅದು ಈಗ ಯಾರ ಗಾಡಿಯಲ್ಲಿ ಓಡುತ್ತಿದೆ?

ಇಂದು ದಾರಿಯಲ್ಲಿರುವ ಎಲ್ಲರೂ ಸುರಕ್ಷಿತವಾಗಿ ಮನೆ ಸೇರಲಿ. ಎಲ್ಲ ಜೀವಿಗಳಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು 🙏