ಆಕರಕೋಶಗಳ ಹಾದಿ
ಅಂಕೋಲೆಯ ಗಂಗಾವಳಿಯಲ್ಲಿ ತೇಲಿಬಿಟ್ಟ ದಿಮ್ಮಿಯು ಕಡಲನ್ನು ಹಾಯದೆ ಕಾರವಾರದಲ್ಲಿ ಕಾಳಿಯ ಅಳಿವೆಯನ್ನು ಸೇರಲಾರದು. ಹೊಸ ಕೋಶಗಳನ್ನು ಹುಟ್ಟಿಸಬಲ್ಲ ಆಕರಕೋಶಗಳನ್ನು ನಾವು ತೋಳಿನ ಅಭಿಧಮನಿಗೆ ಚುಚ್ಚಿದರೆ ಅವುಗಳ ಪಾಡೂ ಹೀಗೆಯೇ. ಯಾವ ಅಂಗವನ್ನು ಸೇರಬೇಕಾದರೂ ಅವು ಮೊದಲು ಹೃದಯದ ಬಲಭಾಗವನ್ನೂ ಬಳಿಕ ಶ್ವಾಸಕೋಶವನ್ನೂ ಹಾಯಬೇಕು. ಅಲ್ಲಿಯ ಲೋಮನಾಳಗಳ ಅಗಲ ಸುಮಾರು 5ರಿಂದ 10 ಮೈಕ್ರೋಮೀಟರು. ಪಾತ್ರೆಯಲ್ಲಿ ಬೆಳೆಸಿದ ಮೆಸೆಂಕೈಮಲ್ ಆಕರಕೋಶಗಳದೋ 15ರಿಂದ 30! ಬಹುಪಾಲು ಅಲ್ಲಿಯೇ ಸಿಕ್ಕಿಕೊಳ್ಳುವುವು. (ಬಲೆಯ ಕಣ್ಣಿನ ಅಳತೆಯನ್ನು ಕುರಿತು ಕರಾವಳಿಯವರಿಗೆ ನಾವು ಹೇಳಬೇಕಾದುದಿಲ್ಲ.) ಅಂಗಕ್ಕೆ ಹೋಗುವ ಅಪಧಮನಿಯಲ್ಲಿಯೇ ಬಿಟ್ಟರೆ ಈ ತಡೆ ತಪ್ಪುವುದು, ಆದರೆ ಮೆದುಳಿನಲ್ಲಿ ಕಿರುನಾಳಗಳು ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ. ರಕ್ತವನ್ನು ಹುಟ್ಟಿಸುವ ಆಕರಕೋಶಗಳಾದರೋ ಚಿಕ್ಕವು. ಮಜ್ಜೆಯು ಸ್ರವಿಸುವ ಪ್ರೋಟೀನೊಂದರ ಸುಳಿವು ಹಿಡಿದು ಎಲುಬಿನೊಳಕ್ಕೆ ತಾವಾಗಿಯೇ ಸೇರುವುವು. ಅಮೆರಿಕದ ಡಾನಲ್ ಥಾಮಸರು ರೋಗಿಗಳಿಗೆ ಮಜ್ಜೆಯನ್ನು ಅಭಿಧಮನಿಯ ಮೂಲಕ ಕೊಟ್ಟ ವರದಿ 1957ರಲ್ಲಿ ಪ್ರಕಟವಾಯಿತು. ಇಂದಿಗೂ ರಕ್ತದ ಕ್ಯಾನ್ಸರಿನ ರೋಗಿಗೆ ಮಜ್ಜೆಯ ಕಸಿ ಮಾಡಲು ಎಲುಬನ್ನು ಕೊರೆದು ತುಂಬಬೇಕಾಗಿಲ್ಲ, ರಕ್ತನಾಳವೇ ಸಾಕು.