ಘಟ್ಟದ ರಸ್ತೆಯೂ ಉರಗಗಳ ನೆಲೆಯೂ

ಮಲೆನಾಡಿನಲ್ಲಿ ರಸ್ತೆ ಮಾಡುವವನಿಗೆ ಪಂಚಾಂಗ ಬರೆದುಕೊಡುವುದು ಮಳೆ. ಜೂನ್ ತಿಂಗಳ ಮೊದಲಲ್ಲಿ ಘಟ್ಟದ ನೆತ್ತಿಯ ಮೇಲೆ ಮೋಡ ಕವಿಯಿತೆಂದರೆ ಅಕ್ಟೋಬರ್ ಕಳೆಯುವವರೆಗೆ ಡಾಂಬರಿನ ಮಾತೇ ಇಲ್ಲ; ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಂತೂ ಅರ್ಧ ಅಗೆದು ಬಿಟ್ಟ ಧರೆ ಒಂದೇ ಇರುಳಿನಲ್ಲಿ ಕುಸಿದು ರಸ್ತೆಗಿಳಿಯುತ್ತದೆ. ಆದುದರಿಂದ ನವೆಂಬರಿನಲ್ಲಿ ನಿಧಾನವಾಗಿ ಆರಂಭವಾದ ಕಾಮಗಾರಿಯು ಫೆಬ್ರವರಿಯ ವೇಳೆಗೆ ಚುರುಕಾಗಿ, ಮಾರ್ಚಿಯಿಂದ ಮೇ ಕೊನೆಯವರೆಗೆ ಹಗಲಿರುಳೆಂಬ ಭೇದವಿಲ್ಲದೆ ಓಡುತ್ತದೆ. ಬಿದಿರು ಮೆಳೆಗಳನ್ನು ಕಿತ್ತು, ದಿಬ್ಬಗಳನ್ನು ಸಮಮಾಡಿ, ಹಳ್ಳಗಳಿಗೆ ಮಣ್ಣು ತುಂಬುವ ಕೆಲಸವೆಲ್ಲ ಬೀಳುವುದು ಈ ಮೂರು ತಿಂಗಳಲ್ಲಿಯೇ. ಕಾಳಿಂಗ ಸರ್ಪವು ಸಂಗಾತಿಯನ್ನರಸಿ ಕಾಡಿನಲ್ಲೆಲ್ಲ ಸಂಚರಿಸುವುದೂ, ಗಂಡುಗಳು ತಮ್ಮತಮ್ಮಲ್ಲಿ ಸೆಣಸುವುದೂ, ಹೆಣ್ಣು ತರಗೆಲೆಗಳನ್ನು ಒಟ್ಟಿ ಗೂಡು ಕಟ್ಟಿ ಮೊಟ್ಟೆಯಿಡುವುದೂ ಇದೇ ಮೂರು ತಿಂಗಳಲ್ಲಿ. ನಮ್ಮ ಅವಸರದ ಋತುವೂ ಅದರ ಸಂತಾನದ ಋತುವೂ ಒಂದೇ ಆಗಿರುವುದು ಈ ನೆಲದ ಹಾವುಗಳಿಗೆ ಒದಗಿರುವ ಮೊದಲ ಕಷ್ಟ.

ಇಂಜಿನಿಯರನಾಗಿ ನನ್ನ ದುಡಿಮೆಯ ಬಹುಭಾಗ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಘಟ್ಟದಂಚಿನ ರಸ್ತೆಗಳಲ್ಲಿಯೇ ಸಂದಿತು. ಅಂದಾಜುಪಟ್ಟಿಯಲ್ಲಿ ಮಣ್ಣಿಗೆ ಒಂದು ದರ, ಕಲ್ಲಿಗೆ ಒಂದು ದರ, ಮರಕ್ಕೆ ಒಂದು ದರ ಬರೆಯುವುದನ್ನು ನಮಗೆ ಕಲಿಸಿದ್ದರು. ಆ ಮಣ್ಣಿನೊಳಗೆ, ಕಲ್ಲಿನ ಸಂದಿನಲ್ಲಿ, ಮರದ ಬುಡದಲ್ಲಿ ಯಾರು ವಾಸವಾಗಿದ್ದಾರೆಂಬುದು ನಮ್ಮ ವಿದ್ಯೆಯ ಭಾಗವಾಗಿರಲಿಲ್ಲ. ಆ ಪಾಠವನ್ನು ಹೇಳಿಕೊಟ್ಟವರು ಹಳ್ಳಿಯ ರೈತರು, ಅರಣ್ಯ ರಕ್ಷಕರು, ಹಾವುಗಳ ಶಾಸ್ತ್ರವನ್ನು ಬಲ್ಲ ಕೆಲವರು ತರುಣರು, ಮತ್ತು ಹಾವುಗಳೇ.

ಕಾಡು ತೆರವು ಮಾಡುವಲ್ಲಿ ಹಾವು ಕಂಡರೆ, ಹಿಡಿಯಬಲ್ಲವರನ್ನು ಕರೆಸಿ, ಚೀಲದಲ್ಲಿ ತುಂಬಿಸಿ, ದೂರದ ದಟ್ಟಾರಣ್ಯದಲ್ಲಿ ಬಿಡಿಸಿಬಿಟ್ಟರೆ ನಮ್ಮ ಹೊಣೆ ತೀರಿತೆಂಬ ನಂಬಿಕೆ ಕಾಮಗಾರಿಯ ವಲಯದಲ್ಲಿ ಇಂದಿಗೂ ಬಲವಾಗಿದೆ. ಕೊಲ್ಲುವುದಕ್ಕಿಂತ ಅದು ಎಷ್ಟೋ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉರಗತಜ್ಞ ರೊಮ್ಯುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು, 2008ರಿಂದ ಕಾಳಿಂಗಗಳ ದೇಹದೊಳಗೆ ಪುಟ್ಟ ರೇಡಿಯೋ ಪ್ರೇಷಕಗಳನ್ನಿರಿಸಿ ಅವುಗಳ ಬೆನ್ನು ಹಿಡಿದು ನಡೆದಾಗ ಕಂಡುಬಂದ ಸಂಗತಿ ಬೇರೆ: ಸ್ವಂತ ನೆಲೆಯಿಂದ ಒಯ್ದು ಪರಸ್ಥಳದಲ್ಲಿ ಬಿಟ್ಟ ಹಾವು ಅಲ್ಲಿ ನೆಲೆನಿಲ್ಲದೆ, ತನ್ನ ಸೀಮೆಯಲ್ಲಿಯೇ ಇದ್ದ ಹಾವಿಗಿಂತ ಬಹು ದೂರ ಅಲೆಯಿತು. ಬಿಸಿಲು ಎಲ್ಲಿ ಬೀಳುತ್ತದೆ, ನೀರು ಎಲ್ಲಿದೆ, ಆಹಾರ ಎಲ್ಲಿ ದೊರೆಯುತ್ತದೆ, ಅಡಗಲು ಯಾವ ಬಿಲ ಅನುಕೂಲವೆಂಬ ಜ್ಞಾನವೆಲ್ಲ ಹಾವಿಗೆ ತನ್ನ ನೆಲದಿಂದ ಬಂದುದು. ಚೀಲದಲ್ಲಿ ತುಂಬಿಸಿದವನು ಹಾವನ್ನು ಒಯ್ಯಬಲ್ಲನೇ ಹೊರತು ಆ ಜ್ಞಾನವನ್ನು ಒಯ್ಯಲಾರ. ಪಶ್ಚಿಮಘಟ್ಟದ ಕಾಳಿಂಗವು ಒಂದು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಶಾಸ್ತ್ರಜ್ಞರು ನಿರ್ಣಯಿಸಿ, ಅದಕ್ಕೆ ಓಫಿಯೋಫೇಗಸ್ ಕಾಳಿಂಗ ಎಂದು ನಾಮಕರಣ ಮಾಡಿದ ಮೇಲೆ, ಈ ಘಟ್ಟಶ್ರೇಣಿಯನ್ನು ಬಿಟ್ಟರೆ ಆ ಜೀವಿಗೆ ಲೋಕದಲ್ಲಿ ಬೇರೊಂದು ಮನೆಯಿಲ್ಲವೆಂಬುದೂ ಸ್ಪಷ್ಟವಾಗಿದೆ.

ಒಂದು ಏಪ್ರಿಲ್ ತಿಂಗಳಲ್ಲಿ, ರಸ್ತೆಯ ಅಗಲ ಹೆಚ್ಚಿಸಲು ಬಿದಿರು ಮೆಳೆಗಳನ್ನು ತೆಗೆಯುತ್ತಿದ್ದಾಗ, ಕೊಪ್ಪಳದ ಕಡೆಯಿಂದ ಬಂದಿದ್ದ ಜೆಸಿಬಿ ಚಾಲಕನು ಯಂತ್ರವನ್ನು ನಿಲ್ಲಿಸಿ ಇಳಿದುಬಂದು, "ಸಾಹೇಬ್ರ, ಆ ಎಲಿ ಗುಡ್ಡಿ ಮ್ಯಾಲ ಏನೋ ಅದ ನೋಡ್ರಿ, ನಾ ಮುಂದ ಹೋಗಂಗಿಲ್ಲ" ಎಂದ. ಮೆಳೆಯ ಬುಡದಲ್ಲಿ, ಇಳಿಜಾರಿನ ಕಡೆಗೆ, ಮೊಣಕಾಲೆತ್ತರದ ಒಂದು ಎಲೆಯ ದಿಬ್ಬವಿತ್ತು. ಸುತ್ತ ಒಂದೆರಡು ಮಾರು ನೆಲದಲ್ಲಿ ಒಂದು ತರಗೂ ಉಳಿಯದಂತೆ ಗುಡಿಸಿದ ಹಾಗೆ ಕಾಣುತ್ತಿದ್ದಿತು. ಅಲ್ಲಿನ ಎಲೆಗಳೆಲ್ಲ, ಕೈಕಾಲಿಲ್ಲದ ಆ ತಾಯಿಯ ದೇಹದ ಸುರುಳಿಗಳಿಂದಲೇ ಸೆಳೆಯಲ್ಪಟ್ಟು, ಒಂದರ ಮೇಲೊಂದು ಒತ್ತಾಗಿ ಕುಳಿತಿದ್ದುವು. ಹೊರಗಿನ ಬಿದಿರೆಲೆಗಳು ಒಣಗಿ ಬಿಳಿಚಿದ್ದರೂ ಒಳಗಿನ ಪದರಗಳು ಕಂದಾಗಿ, ಹಸಿಯಾಗಿ, ಕೊಳೆಯುವ ಎಲೆಯ ಬಿಸುಪನ್ನು ಹಿಡಿದಿಟ್ಟುಕೊಂಡಿದ್ದುವು. ದಿಬ್ಬದ ಮೇಲೆ ಕಾಳಿಂಗವು ಸುರುಳಿ ಸುತ್ತಿ, ತಲೆಯನ್ನು ಯಂತ್ರದ ಕಡೆಗೆ ತಿರುಗಿಸಿಕೊಂಡು ಮಲಗಿದ್ದಿತು. ಅದು ಹೆಡೆಯೆತ್ತಲಿಲ್ಲ, ಓಡಲೂ ಇಲ್ಲ. ಅಷ್ಟು ದೊಡ್ಡ ಸದ್ದಿನ ಎದುರಿನಲ್ಲಿ ಸ್ಥಳ ಬಿಡದೆ ಉಳಿದ ಆ ಪ್ರಾಣಿಯನ್ನು ಕಂಡು ಕೂಲಿಯವರೆಲ್ಲರೂ ಮೌನವಾದರು.

ಹಾವಿನ ಕುಲದಲ್ಲಿ ಹೀಗೆ ಎಲೆ ಒಟ್ಟಿ ಗೂಡು ಕಟ್ಟುವ ಕಲೆ ಕಾಳಿಂಗಕ್ಕೊಂದಕ್ಕೇ ಸಿದ್ಧಿಸಿದೆ. ಸಾಮಾನ್ಯವಾಗಿ 20ರಿಂದ 40ರವರೆಗೆ ಮೊಟ್ಟೆಗಳನ್ನಿಟ್ಟು, ವಾರಗಟ್ಟಲೆ ಕಾದು, ಮರಿಗಳು ಹೊರಬರುವುದಕ್ಕೆ ಮುಂಚೆ ತಾಯಿ ಗೂಡನ್ನು ಬಿಟ್ಟು ಹೋಗುತ್ತದೆ. ಮೊಟ್ಟೆಯೊಡೆಯಲು ಎರಡೂವರೆಯಿಂದ ಮೂರೂವರೆ ತಿಂಗಳು ಬೇಕು. ಪಕ್ಕದ ತೋಟದ ಹಿರಿಯರೊಬ್ಬರು ಬಂದು ನೋಡಿ, "ಮಳೆ ಹಿಡಿದ ಮೇಲೆ ಮರಿ ಆಗ್ತವೆ ಸ್ವಾಮಿ, ಅಲ್ಲೀವರೆಗೆ ಈ ಬದಿಗೆ ಯಾರೂ ಬರದ ಹಾಗೆ ನೋಡ್ಕಳಿ, ಅದು ನಿಮ್ಮ ತಂಟೆಗೆ ಬರೂದಿಲ್ಲ" ಎಂದು ಶಾಸ್ತ್ರಜ್ಞರು ಹೇಳುವುದನ್ನೇ ಹೇಳಿದರು. ಗುತ್ತಿಗೆದಾರರಿಗೆ ಮಾತ್ರ ಮೊಟ್ಟೆಗಳನ್ನು ಬೇರೆಡೆಗೆ ಸಾಗಿಸಿ ಕೆಲಸ ಮುಗಿಸುವ ಇಚ್ಛೆಯಿದ್ದಿತು. ಸರೀಸೃಪಗಳ ಮೊಟ್ಟೆಗೆ ಹಾನಿಮಾಡುವುದನ್ನೂ ಗೂಡನ್ನು ಕೆಡಿಸುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯೆಂಬ ಪದದ ವ್ಯಾಖ್ಯೆಯೊಳಗೇ ಸೇರಿಸಿದೆಯೆಂದು ಅರಣ್ಯಾಧಿಕಾರಿಗಳು ತಿಳಿಯಹೇಳಿದ ಮೇಲೆ ಆ ಚರ್ಚೆ ನಿಂತಿತು. ನಾವು ಕೆಲಸವನ್ನು ನಿಲ್ಲಿಸಲಿಲ್ಲ, ಅದರ ಕ್ರಮವನ್ನು ಬದಲಿಸಿದೆವು: ಗೂಡಿನ ಎರಡೂ ಕಡೆ ಸಾಕಷ್ಟು ದೂರ ಬಿಟ್ಟು ಹಗ್ಗ ಕಟ್ಟಿ, ಮುಂದಿನ ಮಳೆಗಾಲದ ಅನಂತರ ಮಾಡಬೇಕೆಂದಿದ್ದ ಕೆಳಗಿನ ತಿರುವುಗಳ ತಡೆಗೋಡೆಯನ್ನು ಮೊದಲೇ ಎತ್ತಿಕೊಂಡು, ಆ ತುಂಡು ರಸ್ತೆಯನ್ನು ಹಾಗೆಯೇ ಇಕ್ಕಟ್ಟಾಗಿ ಉಳಿಸಿದೆವು. ಜುಲೈ ತಿಂಗಳಲ್ಲಿ ಅರಣ್ಯ ರಕ್ಷಕರು ಗೂಡಿನ ಸುತ್ತ ಸಣ್ಣ ಕಣ್ಣಿನ ಬಲೆಯ ಆವರಣ ಕಟ್ಟಿದ್ದರಿಂದ, ಕಪ್ಪು ಮೈಯ ಮೇಲೆ ತೆಳು ಹಳದಿ ಪಟ್ಟೆಗಳಿದ್ದ, ಸುಮಾರು ಎರಡು ಗೇಣುದ್ದದ ಮರಿಗಳು ರಸ್ತೆಗೆ ಹರಿಯದೆ, ಹತ್ತಿರದ ಕಾಡಿಗೆ ಸೇರಿದುವು.

ಕಾಳಿಂಗವು ಗಾತ್ರದಿಂದಲೂ ಕೀರ್ತಿಯಿಂದಲೂ ದೊಡ್ಡದು. ಅದಕ್ಕಾಗಿ ಯಂತ್ರ ನಿಲ್ಲಿಸುವವರು ಸಿಕ್ಕುತ್ತಾರೆ. ಯಾರ ಕಣ್ಣಿಗೂ ಬೀಳದೆ ಅಳಿಯುವವು ಮಣ್ಣಿನೊಳಗಿನ ಸಣ್ಣ ಹಾವುಗಳು. ಬಾಲದ ತುದಿಯನ್ನು ಒರಟು ಗುರಾಣಿಯಿಂದ ಮುಚ್ಚಿಕೊಂಡು, ಎರೆಹುಳುಗಳನ್ನು ತಿಂದು, ಮೊಟ್ಟೆಯಿಡದೆ ಮರಿಹಾಕುವ ಆ ಬಿಲವಾಸಿಗಳ ಕುಟುಂಬವು ಭಾರತದ ಪರ್ಯಾಯದ್ವೀಪವನ್ನೂ ಶ್ರೀಲಂಕೆಯನ್ನೂ ಬಿಟ್ಟು ಬೇರೆಲ್ಲಿಯೂ ಇಲ್ಲ. ಅವುಗಳಿಗೆ ಬೇಕಾದುದು ಸಡಿಲವಾದ, ತೇವವಾದ, ಎಲೆಗೊಬ್ಬರದಿಂದ ಕಪ್ಪಾದ ಮೇಲ್ಮಣ್ಣು. ನಾವು ಕಿತ್ತು ಕಂದರಕ್ಕೆ ಸುರಿಯುವುದೂ, ರೋಲರಿನಿಂದ ಅದುಮಿ ಗಟ್ಟಿಮಾಡುವುದೂ ಅದನ್ನೇ. ಮಳೆ ಸುರಿದು ಬಿಲಗಳಲ್ಲಿ ನೀರು ನಿಂತಾಗ ಅವು ಮೇಲಕ್ಕೆದ್ದು, ನುಣುಪಾದ ಡಾಂಬರಿನ ಮೇಲೆ ಹಿಡಿತವಿಲ್ಲದೆ ತೆವಳುತ್ತ, ಚಕ್ರಗಳಿಗೆ ಸಿಕ್ಕುತ್ತವೆ. ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿಸಿ, ಕೆಲಸ ಮುಗಿದ ಮೇಲೆ ರಸ್ತೆಯಂಚಿನಾಚೆ ಮತ್ತೆ ಹರಡಿಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಅಗೆದ ಮಣ್ಣನ್ನು ಹಳ್ಳದ ದಡಕ್ಕೆ ಸುರಿಯಬಾರದೆಂಬ ನಿಯಮಕ್ಕಂತೂ ವೆಚ್ಚವೇ ಇಲ್ಲ; ಆದರೆ ಮಳೆಗಾಲದಲ್ಲಿ ತೊರೆಯಂಚಿನ ಪೊದೆಯ ಮೇಲೆ ದಿನಗಟ್ಟಲೆ ಅಲುಗದೆ ಕಪ್ಪೆಗಾಗಿ ಕಾದಿರುವ ಮಲಬಾರಿನ ಗುಳಿಮಂಡಲಕ್ಕೆ ಆ ದಡವೇ ಸರ್ವಸ್ವವೆಂದು ಟಿಪ್ಪರಿನವರಿಗೆ ಒಬ್ಬೊಬ್ಬರಾಗಿ ಹೇಳಬೇಕಾಗುತ್ತದೆ.

ಚರಂಡಿ ಮತ್ತು ಮೋರಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಾಲಕ್ರಮದಲ್ಲಿ ದೃಢವಾಗುತ್ತ ಬಂದಿದೆ. ನೆಟ್ಟಗಿನ ನುಣುಪು ಗೋಡೆಯ ಕಾಂಕ್ರೀಟ್ ಚರಂಡಿಯು ನೀರಿಗೆ ಒಳ್ಳೆಯ ದಾರಿ, ಸಣ್ಣ ಜೀವಿಗಳಿಗೆ ಹೊರಬರಲಾಗದ ಕಂದಕ. ಅದರ ಕಾಡಿನ ಕಡೆಯ ಗೋಡೆಯನ್ನು ಅಲ್ಲಲ್ಲಿ ಒರಟು ಕಲ್ಲುಹಾಸಿನ ಇಳಿಜಾರಾಗಿ ಮಾಡಿದರೆ ಹಾವೂ ಕಪ್ಪೆಯೂ ಏಡಿಯೂ ಹತ್ತಿಹೋಗುತ್ತವೆ. ಮೋರಿಗೆ ಕಿರಿದಾದ ಸಿಮೆಂಟ್ ಕೊಳವೆಯನ್ನು ಹುಗಿದಲ್ಲಿ, ಕೆಲವೇ ಮಳೆಗಾಲಗಳಲ್ಲಿ ಕೆಳಬಾಯಿಯ ಮಣ್ಣು ಕೊರೆದುಹೋಗಿ, ಕೊಳವೆಯ ತುದಿ ಗಾಳಿಯಲ್ಲಿ ತೂಗುತ್ತದೆ. ಮೇಲಿನಿಂದ ಬಂದ ಜೀವಿ ಕೆಳಗೆ ಬೀಳಬಹುದು, ಕೆಳಗಿನದು ಮೇಲೇರಲಾರದು. ಅಗಲವಾದ ಚೌಕ ಮೋರಿಯನ್ನು ಹಳ್ಳದ ತಳಕ್ಕೆ ಸಮನಾಗಿ ಕೂರಿಸಿ, ಒಳಗೆ ಅಲ್ಲಿಯದೇ ಕಲ್ಲು ಮಣ್ಣು ಹರಡಿ, ನೀರು ಮುಟ್ಟದ ಒಂದು ಕಿರುಜಗಲಿಯನ್ನು ಗೋಡೆಗುಂಟ ಬಿಟ್ಟು, ಹೊರಗೆ ಎರಡೂ ಕಡೆ ಮೊಣಕಾಲೆತ್ತರದ ನುಣುಪು ಗೋಡೆಯನ್ನು ಬಾಯಿಯತ್ತ ತಿರುಗುವಂತೆ ಕಟ್ಟಿದರೆ, ರಸ್ತೆಗೆ ಏರಲು ಬಂದ ಹಾವು ಆ ಗೋಡೆಗುಂಟ ಹರಿದು ಮೋರಿಯೊಳಗೆ ಹೊಗುತ್ತದೆ. ಭಾರತೀಯ ವನ್ಯಜೀವಿ ಸಂಸ್ಥೆಯು 2016ರಲ್ಲಿ ರಸ್ತೆ, ರೈಲು, ವಿದ್ಯುತ್ ಮಾರ್ಗಗಳ ಕುರಿತು ಹೊರತಂದ ಮಾರ್ಗದರ್ಶಿಯು ನಮ್ಮ ಕಚೇರಿಗಳ ಕಪಾಟಿನಲ್ಲಿ ಇರುವುದಕ್ಕಿಂತ ಕಾಮಗಾರಿಯ ಶೆಡ್ಡಿನಲ್ಲಿ ಇರುವುದು ಮೇಲು.

ಧರೆ ಕುಸಿಯದಂತೆ ಹೊದಿಸುವ ಪ್ಲಾಸ್ಟಿಕ್ ಜಾಲರಿಯ ಮಾತನ್ನು ಇಲ್ಲಿ ಹೇಳಲೇಬೇಕು. ಹೊಸದಾಗಿ ಕಡಿದ ಇಳಿಜಾರೊಂದರಲ್ಲಿ, ಹುಲ್ಲು ಇನ್ನೂ ಚಿಗುರದ ಜಾಲರಿಯಲ್ಲಿ, ಒಂದು ದೊಡ್ಡ ಕೇರೆ ಹಾವು ಮೈಯ ಮೂರನೆಯ ಒಂದು ಭಾಗ ತೂರಿಸಿ ಸಿಕ್ಕಿಬಿದ್ದಿದ್ದಿತು. ಹಾವಿನ ಶಲ್ಕಗಳ ತುದಿ ಹಿಂದಕ್ಕೆ ಬಾಗಿರುವುದರಿಂದ ಮುಂದೆ ನುಗ್ಗುವುದು ಅದಕ್ಕೆ ಸುಲಭ. ಹಿಂದೆ ಸರಿದೊಡನೆ ದಾರಗಳು ಶಲ್ಕಗಳಡಿಗೆ ಸೇರಿ ಬಿಗಿಯುತ್ತವೆ, ಒದ್ದಾಡಿದಷ್ಟೂ ಕೊಯ್ಯುತ್ತವೆ. ಪೊರೆ ಬಿಡುವ ಕಾಲವಾದುದರಿಂದ ಅದರ ಕಣ್ಣು ನೀಲಿಗಟ್ಟಿ ಮಬ್ಬಾಗಿತ್ತು. ಬಲ್ಲ ತರುಣನೊಬ್ಬ ಒದ್ದೆ ಬಟ್ಟೆಯನ್ನು ಅದರ ತಲೆಯ ಮೇಲೆ ಹಾಕಿ ಹಿಡಿದುಕೊಂಡ. ನಾನು ಹೊಲಿಗೆಯ ಸಣ್ಣ ಕತ್ತರಿಯಿಂದ ಒಂದೊಂದೇ ಎಳೆಯನ್ನು, ಚರ್ಮಕ್ಕೆ ತಾಗದಂತೆ ಎತ್ತಿ, ತುಂಡರಿಸಿದೆ. ಬಿಡಿಸಿದ ಮೇಲೂ ದಾರದ ಗೆರೆಗಳು ಮೈಮೇಲೆ ಚೌಕಚೌಕವಾಗಿ ಕೆಂಪಗೆ ಉಳಿದಿದ್ದುವು. ಅಂದಿನಿಂದ ನನ್ನ ಕೈಕೆಳಗಿನ ಯಾವ ಧರೆಗೂ ಪ್ಲಾಸ್ಟಿಕ್ ಹೊದಿಸಗೊಡಲಿಲ್ಲ. ತೆಂಗಿನ ನಾರಿನ ಹಾಸನ್ನು ಹೊದಿಸಿ ಲಾವಂಚ ನಡಿಸಿದರೆ ಬೇರು ಮಣ್ಣನ್ನು ಹಿಡಿದುಕೊಳ್ಳುವ ಹೊತ್ತಿಗೆ ನಾರು ತಾನಾಗಿಯೇ ಕೊಳೆತು ಗೊಬ್ಬರವಾಗುತ್ತದೆ.

ಕೂಲಿಯವರನ್ನು ಮರೆತು ಹಾವನ್ನು ಉಳಿಸುವುದು ಸಾಧ್ಯವಿಲ್ಲ, ನ್ಯಾಯವೂ ಅಲ್ಲ. ಬರಿಗಾಲಿನಲ್ಲಿ ತರಗೆಲೆ ಬಾಚುವವನು ಹಾವನ್ನು ಕಂಡೊಡನೆ ಹಾರೆಯೆತ್ತಿದರೆ ಅದು ಕ್ರೌರ್ಯವಲ್ಲ, ಭಯ. ನಮ್ಮ ದೇಶದಲ್ಲಿ ದೊರೆಯುವ ವಿಷಪ್ರತಿರೋಧಕ ಔಷಧವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕಾಗಿ ತಯಾರಾದುದು. ಕಾಳಿಂಗಕ್ಕಾಗಲಿ ಘಟ್ಟದ ಗುಳಿಮಂಡಲಗಳಿಗಾಗಲಿ ತಕ್ಕ ಔಷಧ ಅದರಲ್ಲಿಲ್ಲ. ಆದುದರಿಂದ ಎತ್ತರದ ಬೂಟು, ಉದ್ದನೆಯ ಕೋಲು, ಸಂಜೆಯ ಮೇಲೆ ಕೈದೀಪ, ಆಸ್ಪತ್ರೆಗೆ ಒಯ್ಯಲು ಸದಾ ಸಿದ್ಧವಾದ ವಾಹನ, ಕಚ್ಚಿದ ಕಡೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು ಎಂಬ ತಿಳಿವಳಿಕೆ, ಇವಿಷ್ಟು ಇದ್ದ ಕಡೆಗಳಲ್ಲಿ ಹಾವು ಸಾಯುವುದು ತಾನಾಗಿಯೇ ಕಡಿಮೆಯಾದುದನ್ನು ನಾನು ಕಂಡಿದ್ದೇನೆ.

ರಸ್ತೆ ಮುಗಿದ ಮೇಲಿನ ಕಥೆ ಬೇರೆ. ಹಗಲಿನ ಬಿಸಿಲನ್ನು ಹೀರಿಕೊಂಡ ಡಾಂಬರು ಇರುಳಿನಲ್ಲಿಯೂ ಬೆಚ್ಚಗಿರುವುದರಿಂದ ಹಾವುಗಳು ಅದರ ಮೇಲೆ ಬಂದು ಮಲಗುತ್ತವೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ಜಾರಿಗೆ ಬಂದ ರಾತ್ರಿ ಸಂಚಾರದ ನಿಷೇಧವನ್ನು ಆನೆ ಹುಲಿಗಳ ಹೆಸರಿನಲ್ಲಿ ನಾವು ಸ್ಮರಿಸುತ್ತೇವೆ. ಅದರ ಉಪಕಾರ ಹರಿದಾಡುವ ಜೀವಿಗಳಿಗೂ ಸಂದಿದೆ. ಅಮೆರಿಕದ ಇಲಿನಾಯ್ ರಾಜ್ಯದ ಶಾನಿ ಅರಣ್ಯದಲ್ಲಿ, ಸುಣ್ಣಕಲ್ಲಿನ ಕಡಿಬಂಡೆಗಳಿಗೂ ಜೌಗುನೆಲಕ್ಕೂ ನಡುವೆ ಹಾವುಗಳು ವರ್ಷಕ್ಕೆರಡು ಸಲ ಹಾದುಹೋಗುವ ಎರಡೂವರೆ ಮೈಲಿ ರಸ್ತೆಯನ್ನು, 1972ರಿಂದ ಆ ಋತುಗಳಲ್ಲಿ ವಾಹನಗಳಿಗೆ ಮುಚ್ಚುತ್ತಾರೆ. ನಮ್ಮ ಘಟ್ಟಗಳಲ್ಲಿ ಅಷ್ಟು ಸಾಧ್ಯವಿಲ್ಲದ ಕಡೆ, ಮಳೆಗಾಲದ ರಾತ್ರಿಗಳಲ್ಲಿ ವೇಗವನ್ನಾದರೂ ತಗ್ಗಿಸುವುದು ಸಾಧ್ಯ.

ಈಗ ಕಿರಿಯ ಇಂಜಿನಿಯರುಗಳು ಸಲಹೆ ಕೇಳಲು ಬಂದಾಗ ನಾನು ಒತ್ತಿ ಹೇಳುವುದು ಸರ್ವೆಯ ಕಾಲವನ್ನು ಕುರಿತು. ನಮ್ಮ ಅಳತೆಗಳೆಲ್ಲ ಡಿಸೆಂಬರಿನ ಒಣ ಹವೆಯಲ್ಲಿ ನಡೆಯುತ್ತವೆ; ಆಗ ಹಳ್ಳ ಬತ್ತಿರುತ್ತದೆ, ಕಪ್ಪೆ ಮಣ್ಣು ಸೇರಿರುತ್ತದೆ, ಹಾವು ಬಿಲದಲ್ಲಿರುತ್ತದೆ, ಮತ್ತು ನಕ್ಷೆಯಲ್ಲಿ ಆ ಜಾಗವು ಬರಿಯ ನೆಲವೆಂದು ಬರೆಯಲ್ಪಡುತ್ತದೆ. ಮೋರಿಗಳ ಸ್ಥಾನವನ್ನು ನಿಶ್ಚಯಿಸುವ ಮುನ್ನ ಒಂದು ಮಳೆಗಾಲದಲ್ಲಿ, ಜುಲೈ ತಿಂಗಳ ರಾತ್ರಿ, ಆ ಊರಿನ ಒಬ್ಬರನ್ನೂ ಹಾವುಗಳನ್ನು ಬಲ್ಲ ಒಬ್ಬರನ್ನೂ ಜೊತೆಗೆ ಕರೆದುಕೊಂಡು, ಕೈದೀಪ ಹಿಡಿದು, ರಸ್ತೆಯ ಉದ್ದಕ್ಕೂ ನಡೆಯಬೇಕು. ಹಾವು ದಾಟಿದ ಕಡೆ, ಸತ್ತು ಬಿದ್ದ ಕಡೆ, ಕಪ್ಪೆಗಳ ದನಿ ದಟ್ಟವಾಗಿ ಕೇಳಿದ ಕಡೆ ಗುರುತುಕಲ್ಲು ಹಾಕಿ, ಕಿಲೋಮೀಟರಿನ ಲೆಕ್ಕದೊಡನೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆ ಮೇಲೆಯೇ ಅಂದಾಜುಪಟ್ಟಿಯನ್ನು ಬರೆಯಲು ಕೂರಬೇಕು.