ಹೇಳದೆ ಬದಲಾದ ಶೋಧಯಂತ್ರ: ಹಳೆಯ ಬ್ರೌಸರ್ ಬಳಸುವ ವರ್ತಕರು ಗಮನಿಸಬೇಕಾದ ಸಂಗತಿಗಳು

ಲೆಕ್ಕಪರಿಶೋಧನೆಯ ವೃತ್ತಿಗೆ ಬಂದ ಹೊಸದರಲ್ಲಿ ಹಿರಿಯರು ನಮಗೆ ಕಲಿಸುತ್ತಿದ್ದ ಪಾಠವೊಂದಿದೆ. ತಾಳೆಪಟ್ಟಿಯಲ್ಲಿ ಹತ್ತು ರೂಪಾಯಿಯ ವ್ಯತ್ಯಾಸ ಬಂದರೆ ಅದನ್ನು ಅನಾಮತು ಖಾತೆಗೆ ತಳ್ಳಿ ಸುಮ್ಮನಾಗಬಾರದು. ಒಂದು ಕಡೆ ಒಂದು ಲಕ್ಷದ ಹತ್ತು ರೂಪಾಯಿ, ಇನ್ನೊಂದು ಕಡೆ ಒಂದು ಲಕ್ಷ ರೂಪಾಯಿ ತಪ್ಪಿಹೋಗಿ, ಅವೆರಡರ ಶೇಷವಾಗಿ ಆ ಹತ್ತು ರೂಪಾಯಿ ಉಳಿದಿರಬಹುದು. ಮೊತ್ತ ಎಷ್ಟೆಂದು ನೋಡುವ ಮೊದಲು ಅದು ಹೇಗೆ ಬಂತೆಂದು ಕೇಳಬೇಕು.

ಇದೇ ಪಾಠವನ್ನು ನಮ್ಮ ಅಂಗಡಿ, ಕಾರ್ಖಾನೆಗಳ ಗಣಕಯಂತ್ರಕ್ಕೂ ಅನ್ವಯಿಸುವ ಕಾಲ ಬಂದಿದೆ. ಬೆಳಿಗ್ಗೆ ಬ್ರೌಸರ್ ತೆರೆದಾಗ ನಿತ್ಯದ ಶೋಧಪುಟದ ಬದಲು ಎಂದೂ ಕಾಣದ ಪುಟವೊಂದು ಎದುರಾಗುತ್ತದೆ. ಹುಡುಕಾಟವೇನೋ ನಡೆಯುತ್ತದೆ, ಉತ್ತರಗಳೂ ಬರುತ್ತವೆ. "ಕೆಲಸ ಆಗುತ್ತಿದೆಯಲ್ಲ" ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಈ ಸುಮ್ಮನಿರುವಿಕೆಗೆ ತೆರಬೇಕಾಗಿ ಬರುವ ಬೆಲೆ ಏನೆಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಒಂದು ನಿದರ್ಶನ

ಕೃಷಿ ಉಪಕರಣಗಳ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಕಕ್ಷಿದಾರರೊಬ್ಬರ ಕಚೇರಿಯಲ್ಲಿ ನಡೆದ ಸಂಗತಿಯಿದು. ಆ ದಿನ ತಿಂಗಳ 20ನೇ ತಾರೀಖು. ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಲು ಕೊನೆಯ ದಿನ. ಬ್ಯಾಂಕಿನ ಜಾಲತಾಣದಲ್ಲಿ ಪಾವತಿ ನಡೆಯದಿದ್ದುದರಿಂದ ಗುಮಾಸ್ತರು ಬ್ಯಾಂಕಿನ ಸಹಾಯವಾಣಿಗಾಗಿ ಬ್ರೌಸರಿನಲ್ಲಿ ಹುಡುಕಿದರು. ತೆರೆದುಕೊಂಡ ಪುಟದ ಮೊದಲ ಸಾಲಿನಲ್ಲಿದ್ದುದು ಬ್ಯಾಂಕಿನ ಹೆಸರು ಹೊತ್ತ ಜಾಹೀರಾತು. ಅದರಲ್ಲಿದ್ದ ಸಂಖ್ಯೆಗೆ ಕರೆ ಮಾಡಿದಾಗ ಮಾತನಾಡಿದ ವ್ಯಕ್ತಿ ಬಹಳ ಸೌಜನ್ಯದಿಂದ ಒಂದು ತಂತ್ರಾಂಶವನ್ನು ಹಾಕಿಕೊಳ್ಳಲು ಹೇಳಿದ. ಅದರ ಮೂಲಕ ಗಣಕಯಂತ್ರದ ಪರದೆ ಅವನಿಗೆ ಕಾಣತೊಡಗಿತು. ಒಟಿಪಿಯನ್ನೂ ಕೇಳಿ ಪಡೆದ. ಅರ್ಧ ಗಂಟೆಯೊಳಗೆ ಚಾಲ್ತಿ ಖಾತೆಯಿಂದ 1,86,000 ರೂಪಾಯಿ ಹೋಗಿತ್ತು. ಅಂದು ಕಟ್ಟಬೇಕಿದ್ದ ತೆರಿಗೆ ಎರಡು ದಿನ ತಡವಾಗಿ, ವಾರ್ಷಿಕ ಶೇಕಡ 18ರ ಬಡ್ಡಿಯೊಡನೆ ಸಂದಾಯವಾಯಿತು.

ಮಾಲೀಕರು ಸಿಟ್ಟಿನಲ್ಲಿ ಗುಮಾಸ್ತರ ಸಂಬಳದಿಂದ ಹಣ ಹಿಡಿಯುವ ಮಾತಾಡಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಈ ಶೋಧಪುಟ ನಿಮ್ಮಲ್ಲಿ ಎಂದಿನಿಂದ ಬರುತ್ತಿದೆ?" ಅವರು ತುಸು ಯೋಚಿಸಿ, "ಯುಗಾದಿಯ ಹೊತ್ತಿನಿಂದ ಹೀಗೇ ಇದೆ" ಎಂದರು. ಪ್ರಸಂಗ ನಡೆದದ್ದು ಆಗಸ್ಟ್ ತಿಂಗಳಲ್ಲಿ. ನಾಲ್ಕೂವರೆ ತಿಂಗಳ ಕಾಲ ಆ ಪುಟವನ್ನು ಗುಮಾಸ್ತರು ನೋಡಿದ್ದರು, ಮಾಲೀಕರು ನೋಡಿದ್ದರು, ಲೆಕ್ಕ ನೋಡಲು ಹೋಗಿದ್ದ ನಮ್ಮ ಕಚೇರಿಯ ಹುಡುಗರೂ ನೋಡಿದ್ದರು. ಯಾರೂ ಪ್ರಶ್ನಿಸಿರಲಿಲ್ಲ. ಹಣ ಹಿಡಿಯುವ ಮಾತು ಅಲ್ಲಿಗೆ ನಿಂತಿತು.

ಬ್ರೌಸರ್ ಬೇರೆ, ಶೋಧಯಂತ್ರ ಬೇರೆ

ಬ್ರೌಸರ್ ಎಂಬುದು ನಮ್ಮ ಗಣಕಯಂತ್ರದಲ್ಲಿರುವ ತಂತ್ರಾಂಶ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಇದಕ್ಕೆ ಉದಾಹರಣೆ. ಶೋಧಯಂತ್ರ ಎಂಬುದು ಹೊರಗಿನ ಸೇವೆ. ಗೂಗಲ್, ಬಿಂಗ್, ಯಾಹೂ ಇತ್ಯಾದಿ. ವಿಳಾಸಪಟ್ಟಿಯಲ್ಲಿ ನಾವು ಪದವೊಂದನ್ನು ಬರೆದಾಗ ಅದನ್ನು ಯಾವ ಶೋಧಯಂತ್ರಕ್ಕೆ ಕಳುಹಿಸಬೇಕೆಂಬ ಸೂಚನೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ದಾಖಲಾಗಿರುತ್ತದೆ. ಆ ದಾಖಲೆಯನ್ನು ನಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಬೇರೊಂದು ತಂತ್ರಾಂಶ ತಿದ್ದುವುದೇ ಇಲ್ಲಿಯ ಸಮಸ್ಯೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಇದು ವೋಚರ್ ಇಲ್ಲದೆ ಹಾಕಿದ ನಮೂದು.

ಇದರಿಂದ ಲಾಭ ಯಾರಿಗೆ?

ವರ್ತಕರಾದ ನಮಗೆ ಮೊದಲು ಹೊಳೆಯಬೇಕಾದ ಪ್ರಶ್ನೆಯಿದು. ಶೋಧಪುಟದಲ್ಲಿ ಬರುವ ಜಾಹೀರಾತನ್ನು ಯಾರಾದರೂ ಒತ್ತಿದರೆ ಜಾಹೀರಾತುದಾರ ಹಣ ತೆರುತ್ತಾನೆ. ಶೋಧಯಂತ್ರಗಳು ತಮ್ಮ ಕಡೆಗೆ ಬಳಕೆದಾರರನ್ನು ಕಳುಹಿಸಿದವರಿಗೆ ಈ ಆದಾಯದಲ್ಲಿ ಪಾಲು ಕೊಡುವ ವ್ಯವಸ್ಥೆಯಿದೆ. ದಲಾಲಿ ವ್ಯಾಪಾರ ಬಲ್ಲ ನಮಗೆ ಇದು ಹೊಸದೇನಲ್ಲ. ಈ ದಲಾಲಿಗಾಗಿಯೇ ಕೆಲವರು ಉಚಿತ ತಂತ್ರಾಂಶಗಳ ಬೆನ್ನಿಗೆ ಶೋಧಯಂತ್ರ ಬದಲಿಸುವ ತುಣುಕನ್ನು ಕಟ್ಟಿ ಕಳುಹಿಸುತ್ತಾರೆ. ಪಿಡಿಎಫ್ ಪರಿವರ್ತಕ, ಅಕ್ಷರಶೈಲಿ, ಪ್ರಿಂಟರ್ ಡ್ರೈವರ್ ಎಂದು ಸಿಕ್ಕಿದ ಕಡೆಯಿಂದ ಇಳಿಸಿಕೊಂಡು, ಓದದೆ "ನೆಕ್ಸ್ಟ್, ನೆಕ್ಸ್ಟ್" ಒತ್ತುತ್ತ ಹೋದವರ ಯಂತ್ರದಲ್ಲಿ ಅದೂ ನೆಲೆಸುತ್ತದೆ.

ಈ ದಂಧೆಗೆ ಎರಡು ದಶಕಕ್ಕೂ ಹೆಚ್ಚಿನ ಇತಿಹಾಸವಿದೆ. 2003ರ ಸುಮಾರಿಗೆ ಕೂಲ್‌ವೆಬ್‌ಸರ್ಚ್ ಎಂಬ ಹೆಸರಿನ ತಂತ್ರಾಂಶ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ದೋಷಗಳನ್ನು ಬಳಸಿಕೊಂಡು ಮುಖಪುಟವನ್ನೂ ಶೋಧಪುಟವನ್ನೂ ಬದಲಿಸುತ್ತಿತ್ತು. ಬಳಿಕ ಬಗೆಬಗೆಯ ಟೂಲ್‌ಬಾರ್‌ಗಳ ಕಾಲ ಬಂತು. 2017ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆ ಫೈರ್‌ಬಾಲ್ ಎಂಬ ಇಂಥದೇ ತಂತ್ರಾಂಶದ ವರದಿ ಪ್ರಕಟಿಸಿತು. ಜಗತ್ತಿನಲ್ಲಿ 25 ಕೋಟಿ ಗಣಕಯಂತ್ರಗಳು, ಅವುಗಳಲ್ಲಿ ಭಾರತದ 2.53 ಕೋಟಿ, ಇದಕ್ಕೆ ತುತ್ತಾಗಿವೆ ಎಂಬುದು ಅದರ ಅಂದಾಜು. ಈ ಎಣಿಕೆ ಉತ್ಪ್ರೇಕ್ಷೆಯದೆಂದು ಮೈಕ್ರೋಸಾಫ್ಟ್ ಆಕ್ಷೇಪಿಸಿತು. ಸಂಖ್ಯೆಯ ವಿವಾದ ಹೇಗಾದರೂ ಇರಲಿ, ವರದಿಯ ಇನ್ನೊಂದು ಅಂಶ ನಮಗೆ ಮುಖ್ಯ. ಮೇಲ್ನೋಟಕ್ಕೆ ಶೋಧಯಂತ್ರವನ್ನಷ್ಟೇ ಬದಲಿಸುತ್ತಿದ್ದ ಆ ತಂತ್ರಾಂಶಕ್ಕೆ ಯಂತ್ರದಲ್ಲಿ ಯಾವುದೇ ಹೊಸ ತಂತ್ರಾಂಶವನ್ನು ಇಳಿಸಿ ನಡೆಸುವ ಶಕ್ತಿಯೂ ಇತ್ತು. ಶೋಧಪುಟ ಬದಲಿಸಬಲ್ಲವನು ಬೇರೆ ಏನನ್ನಾದರೂ ಬದಲಿಸಬಲ್ಲ. ಹತ್ತು ರೂಪಾಯಿಯ ವ್ಯತ್ಯಾಸವೆಂದರೆ ಇದೇ.

ಹಳೆಯ ಬ್ರೌಸರಿಗೇ ಏಕೆ ಹೆಚ್ಚು ಅಪಾಯ?

ಬ್ರೌಸರ್ ತಯಾರಕರು ಈ ಹಾವಳಿಗೆ ಕಾಲಕಾಲಕ್ಕೆ ಬೇಲಿ ಹಾಕಿದ್ದಾರೆ. ವಿಂಡೋಸ್‌ನಲ್ಲಿ ನಡೆಯುವ ಕ್ರೋಮ್ 2014ರಿಂದ ತನ್ನದೇ ಅಂಗಡಿಯಲ್ಲಿಲ್ಲದ ಎಕ್ಸ್‌ಟೆನ್ಷನ್‌ಗಳನ್ನು ತಡೆಯತೊಡಗಿತು. ಫೈರ್‌ಫಾಕ್ಸ್ 2016ರಲ್ಲಿ, ತಾನು ಪರಿಶೀಲಿಸಿ ಸಹಿ ಮಾಡದ ಎಕ್ಸ್‌ಟೆನ್ಷನ್‌ಗಳನ್ನು ನಿರಾಕರಿಸಿತು. ದೋಷ ಪತ್ತೆಯಾದಂತೆಲ್ಲ ಹೊಸ ಆವೃತ್ತಿಯಲ್ಲಿ ಅದನ್ನು ಮುಚ್ಚಲಾಗುತ್ತದೆ. ಆದರೆ ಬೆಂಬಲ ನಿಂತುಹೋದ ಬ್ರೌಸರಿನಲ್ಲಿ ಆ ದೋಷ ತೆರೆದೇ ಇರುತ್ತದೆ. ಅದು ಎಲ್ಲಿದೆಯೆಂಬುದು ಮಾತ್ರ ಜಗತ್ತಿಗೆಲ್ಲ ಗೊತ್ತಾಗಿರುತ್ತದೆ.

ಸದಸ್ಯರು ನೆನಪಿಡಬೇಕಾದ ದಿನಾಂಕಗಳು ಹೀಗಿವೆ. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ರಂದು ಮುಗಿಯಿತು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು ಮುಗಿಯಿತು. ಅದರಲ್ಲಿ ನಡೆಯುವ ಕ್ರೋಮ್ 109ನೇ ಆವೃತ್ತಿಗೇ ನಿಂತಿತು. 2023ರ ಫೆಬ್ರವರಿಯ ಬಳಿಕ ಬಂದ ಆವೃತ್ತಿಗಳು ಅದಕ್ಕೆ ದೊರೆಯುವುದಿಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 2022ರ ಜೂನ್ 15ರಂದು ನಿವೃತ್ತವಾಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ.

ಹಾಗಿದ್ದರೂ ನಮ್ಮ ಕಚೇರಿಗಳಲ್ಲಿ ಹಳೆಯ ಯಂತ್ರಗಳು ಉಳಿದಿರುವುದು ಕೇವಲ ಜಿಪುಣತನದಿಂದಲ್ಲ ಎಂಬುದನ್ನು ನಾನು ಬಲ್ಲೆ. ಒಂದು ಕಾಲದಲ್ಲಿ ಹಲವು ಸರ್ಕಾರಿ ಹಾಗೂ ಟೆಂಡರ್ ಜಾಲತಾಣಗಳು ಡಿಜಿಟಲ್ ಸಹಿ ಹಾಕಲು ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನೂ ಜಾವಾದ ನಿರ್ದಿಷ್ಟ ಆವೃತ್ತಿಯನ್ನೂ ಕೇಳುತ್ತಿದ್ದವು. "ಸರಿಯಾಗಿ ನಡೆಯುತ್ತಿದೆ, ಮುಟ್ಟಬೇಡಿ" ಎಂಬ ಅಭ್ಯಾಸ ಅಂದಿನಿಂದ ಬೆಳೆಯಿತು. ಈಗಲೂ ಯಾವುದಾದರೂ ತಾಣಕ್ಕೆ ಹಳೆಯ ಬ್ರೌಸರ್ ಅನಿವಾರ್ಯವಾದರೆ, ಎಡ್ಜ್ ಬ್ರೌಸರಿನೊಳಗೇ ಇರುವ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮೋಡ್ ಬಳಸಬಹುದು. ಕನಿಷ್ಠ 2029ರವರೆಗೆ ಇದನ್ನು ಉಳಿಸುವುದಾಗಿ ಮೈಕ್ರೋಸಾಫ್ಟ್ ತಿಳಿಸಿದೆ.

ಪರಿಶೀಲನೆಯ ಕ್ರಮ

ಶೋಧಯಂತ್ರ ತಾನಾಗಿ ಬದಲಾಗಿದೆಯೆಂದು ಕಂಡುಬಂದಲ್ಲಿ ಈ ಕೆಳಗಿನ ಕ್ರಮವನ್ನು ಅನುಸರಿಸತಕ್ಕದ್ದು.

1. ಮೊದಲಿಗೆ ಆ ಯಂತ್ರದಲ್ಲಿ ಬ್ಯಾಂಕ್ ಮತ್ತು ತೆರಿಗೆ ವ್ಯವಹಾರವನ್ನು ನಿಲ್ಲಿಸಿ, ಡಿಜಿಟಲ್ ಸಹಿಯ ಟೋಕನ್ ಹೊರತೆಗೆಯಿರಿ.

2. ಕಂಟ್ರೋಲ್ ಪ್ಯಾನೆಲ್‌ನಲ್ಲಿ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಿ. ಪುಟ ಬದಲಾದ ದಿನಗಳ ಸುಮಾರಿಗೆ ಬಂದ ಅಪರಿಚಿತ ತಂತ್ರಾಂಶವನ್ನು ತೆಗೆದುಹಾಕಿ. ಈ ಹಂತ ಬಿಟ್ಟು ಬ್ರೌಸರನ್ನಷ್ಟೇ ಸರಿಪಡಿಸಿದರೆ ಮರುದಿನ ಅದೇ ಪುಟ ಮರಳಿ ಬರುವುದುಂಟು.

3. ಬ್ರೌಸರಿನ ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಯಾರಿಗೆ ಬೇಕೆಂದು ಹೇಳಲಾಗದ ಪ್ರತಿಯೊಂದನ್ನೂ ಅಳಿಸಿ. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಶೋಧಯಂತ್ರ, ಮುಖಪುಟ ಎರಡನ್ನೂ ಸರಿಪಡಿಸಿ.

4. ಪರದೆಯ ಮೇಲಿರುವ ಬ್ರೌಸರ್ ಚಿಹ್ನೆಯ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಸಾಲನ್ನು ಓದಿ. ಅದರ ಕೊನೆಯಲ್ಲಿ ಅಪರಿಚಿತ ಜಾಲತಾಣದ ವಿಳಾಸ ಅಂಟಿಕೊಂಡಿದ್ದರೆ ಆ ಭಾಗವನ್ನು ಅಳಿಸಿ.

5. ಸಣ್ಣ ಕಚೇರಿಯ ಯಂತ್ರದಲ್ಲಿ ಬ್ರೌಸರ್ "ನಿಮ್ಮ ಸಂಸ್ಥೆಯಿಂದ ನಿರ್ವಹಿಸಲಾಗುತ್ತಿದೆ" ಎಂದು ತೋರಿಸಿದರೆ ಎಚ್ಚರ. ನಿಮ್ಮ ಸಂಸ್ಥೆಯಲ್ಲಿ ಅಂಥ ವ್ಯವಸ್ಥೆ ಯಾರೂ ಮಾಡಿರದಿದ್ದರೆ, ಆ ಸೂಚನೆಯನ್ನು ಬರೆದವರು ಯಾರೆಂದು ತಂತ್ರಜ್ಞರಿಂದ ತಪಾಸಣೆ ಮಾಡಿಸಬೇಕು.

6. ಆಂಟಿವೈರಸ್‌ನಿಂದ ಪೂರ್ಣ ತಪಾಸಣೆ ನಡೆಸಿ. ಸಿಇಆರ್‌ಟಿ-ಇನ್ ಸಂಸ್ಥೆಯ ಸೈಬರ್ ಸ್ವಚ್ಛತಾ ಕೇಂದ್ರ 2017ರಲ್ಲಿ ಆರಂಭವಾಗಿದ್ದು, ಇಂಥ ತಪಾಸಣೆಯ ಉಚಿತ ತಂತ್ರಾಂಶಗಳನ್ನು ಒದಗಿಸುತ್ತದೆ. ಕೊನೆಯಲ್ಲಿ ಬೇರೊಂದು ಶುದ್ಧ ಯಂತ್ರದಿಂದ ಎಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸಿ.

ಮುನ್ನೆಚ್ಚರಿಕೆ

ಸಾಧ್ಯವಿದ್ದಲ್ಲಿ ಬ್ಯಾಂಕ್, ತೆರಿಗೆ ಕೆಲಸಕ್ಕೆಂದೇ ಬೆಂಬಲವಿರುವ ಒಂದು ಯಂತ್ರವನ್ನು ಪ್ರತ್ಯೇಕವಾಗಿಡಿ. ಹಳೆಯ ಲೆಕ್ಕದ ತಂತ್ರಾಂಶಕ್ಕೆ ಹಳೆಯ ಯಂತ್ರ ಬೇಕೇ ಬೇಕೆಂದಾದರೆ ಅದಕ್ಕೆ ಅಂತರಜಾಲದ ಸಂಪರ್ಕ ಕೊಡಬೇಡಿ.

ಬ್ಯಾಂಕಿನ ಜಾಲತಾಣವನ್ನು ಹುಡುಕಿ ತೆರೆಯುವ ಅಭ್ಯಾಸವನ್ನೇ ಬಿಡಬೇಕು. ವಿಳಾಸವನ್ನು ನೇರವಾಗಿ ಬರೆಯಿರಿ, ಇಲ್ಲವೇ ಬುಕ್‌ಮಾರ್ಕ್ ಮಾಡಿಡಿ. ಭಾರತೀಯ ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ಸೂಚಿಸಿತ್ತು. ಈ ಕೊನೆಯ ಪದಗಳನ್ನು ಗುಮಾಸ್ತರಿಗೂ ಗುರುತು ಹಿಡಿಯಲು ಕಲಿಸಿ. ಸಹಾಯವಾಣಿಯ ಸಂಖ್ಯೆಯನ್ನು ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಬದಿಯಿಂದ ನೋಡಿ ಗೋಡೆಯ ಮೇಲೆ ಬರೆದು ಅಂಟಿಸಿ. ಪ್ರಸಿದ್ಧ ಶೋಧಯಂತ್ರದಲ್ಲೂ ಖೋಟಾ ಸಂಖ್ಯೆಗಳು ನುಸುಳುವುದರಿಂದ ಈ ನಿಯಮ ಎಲ್ಲರಿಗೂ ಅನ್ವಯಿಸುತ್ತದೆ.

ಇನ್ನೊಂದು ಮಾತು. ಡಿಜಿಟಲ್ ಸಹಿಯ ಟೋಕನನ್ನು ದಿನವಿಡೀ ಯಂತ್ರದಲ್ಲಿ ಸಿಕ್ಕಿಸಿ, ಅದರ ಪಿನ್ ಸಂಖ್ಯೆಯನ್ನು ಅದರ ಮೇಲೆಯೇ ಚೀಟಿ ಅಂಟಿಸಿ ಬರೆದಿಡುವುದನ್ನು ನಾನು ಹಲವೆಡೆ ಕಂಡಿದ್ದೇನೆ. ಸಹಿ ಮಾಡಿದ ಖಾಲಿ ಚೆಕ್ಕನ್ನು ಗಲ್ಲದ ಮೇಲಿಟ್ಟು ಊಟಕ್ಕೆ ಹೋಗುವವರು ನಮ್ಮಲ್ಲಿ ಯಾರಿದ್ದಾರೆ?

ಹಣ ಹೋದಲ್ಲಿ

ಕ್ಷಣವೂ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿ, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ, ಗ್ರಾಹಕನ ಹಾಗೂ ಬ್ಯಾಂಕಿನ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕ ಹೊಣೆಗಾರನಲ್ಲ ಎಂಬ ತತ್ತ್ವವನ್ನು ಹಾಕಿಕೊಟ್ಟಿತು. ಆದರೆ ಗ್ರಾಹಕನೇ ಗುಪ್ತ ಸಂಖ್ಯೆಯನ್ನು ಹಂಚಿಕೊಂಡಿದ್ದರೆ, ದೂರು ಕೊಡುವವರೆಗಿನ ನಷ್ಟ ಅವನದೇ ಎಂದೂ ಅದರಲ್ಲಿತ್ತು. ಈಗ ಜಾರಿಯಲ್ಲಿರುವ ನಿಬಂಧನೆಗಳನ್ನು ನಿಮ್ಮ ಶಾಖೆಯಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಒಳಿತು. ನಮ್ಮ ಕಕ್ಷಿದಾರರ ಪ್ರಕರಣದಲ್ಲಿ ಒಟಿಪಿ ಹೇಳಿದ್ದರಿಂದ ಬ್ಯಾಂಕು ನಷ್ಟ ಭರಿಸಲು ಒಪ್ಪಲಿಲ್ಲ. ತಕ್ಷಣ ದೂರು ಕೊಟ್ಟುದರಿಂದ ಮುಂದಿನ ಖಾತೆಯಲ್ಲಿ ತಡೆಹಿಡಿಯಲಾದ 40,000 ರೂಪಾಯಿ ಮಾತ್ರ ಕೈಸೇರಿತು.

ಉಪಸಂಹಾರ

ಆ ಕಾರ್ಖಾನೆಯಲ್ಲಿ ಈಗ ನಗದು ಪುಸ್ತಕದ ಪಕ್ಕದಲ್ಲಿ ಇನ್ನೊಂದು ಸಣ್ಣ ಪುಸ್ತಕವಿದೆ. ಗಣಕಯಂತ್ರದಲ್ಲಿ ಕೇಳದೆ ಏನು ಬದಲಾದರೂ ಅದನ್ನು ದಿನಾಂಕದೊಡನೆ ಅದರಲ್ಲಿ ಬರೆಯಬೇಕು, ಬರೆದವರನ್ನು ಯಾರೂ ಬೈಯಬಾರದು ಎಂಬುದು ನಿಯಮ. ಪುಸ್ತಕ ಬರೆಯುವವರು ಅದೇ ಗುಮಾಸ್ತರು. ಈ ವರ್ಷದ ಲೆಕ್ಕ ನೋಡಲು ಹೋದಾಗ ನಾನು ಮೊದಲು ತರಿಸಿಕೊಂಡದ್ದು ಆ ಪುಸ್ತಕವನ್ನೇ. ಅದರಲ್ಲಿ ಮೂರು ನಮೂದುಗಳಿದ್ದವು. ಮೂರನ್ನೂ ಅಂದಂದೇ ಪರಿಶೀಲಿಸಿ ಮಾಲೀಕರು ಸಹಿ ಹಾಕಿದ್ದರು. ಇಂಥ ಒಂದು ಪುಸ್ತಕ ಪ್ರತಿಯೊಬ್ಬ ಸದಸ್ಯರ ಕಚೇರಿಯಲ್ಲೂ ಇರಲಿ ಎಂಬುದು ನನ್ನ ವಿನಂತಿ.